ಒಂಬತ್ತನೆಯ ಲಾಳಿ

ಹಾಸು ನಮ್ಮ ಮನೆಗೆ ಬಂದ ದಿನ ಎದುರು ಮನೆಯ ಹುಲಗಪ್ಪ ಮಾಮಾ ಅದರ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, "ಹಾಸೇನೋ ಬಂತು. ಹೊಕ್ಕು ಎಲ್ಲೈತ್ರಿ?" ಎಂದು ಕೇಳಿದ.

ತಂದವರಿಗೆ ತಿಳಿಯಲಿಲ್ಲ. ಅವರ ಪಾಲಿಗೆ ಹಾಸು ಎಂದರೆ ಹಾಸಿಗೆಯ ಮೇಲೆ ಹಾಸುವ ತೆಳ್ಳಗಿನ ಬೂದು ಬಟ್ಟೆ. ನಮ್ಮ ಬೆಟಗೇರಿಯ ನೇಕಾರರ ಓಣಿಯಲ್ಲಿ ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು. ಅಡ್ಡಕ್ಕೆ ಹೋಗುವ ಎಳೆ ಹೊಕ್ಕು. ಆ ಹೊಕ್ಕನ್ನು ಹೊಟ್ಟೆಯಲ್ಲಿಟ್ಟುಕೊಂಡು ಅತ್ತಿಂದಿತ್ತ ಓಡುವ, ಪುಟ್ಟ ದೋಣಿಯಂಥ ಮರದ ತುಂಡು ಲಾಳಿ. ಹೊಕ್ಕಿಲ್ಲದ ಹಾಸು ಬರೀ ಎಳೆಗಳ ಸಾಲು, ಬಟ್ಟೆಯಲ್ಲ. ಮಾಮಾ ಅದನ್ನೇ ಹೇಳಿ ನಕ್ಕ. ನಾನು ಬಾಗಿಲ ಹಿಂದೆ ನಿಂತು ನಕ್ಕೆ. ಜನರ ಎದುರಿಗೆ ನಿಂತು ನಗುವ ರೂಢಿ ನನಗಿಲ್ಲ.

ಬಂದವರು ವಿವರಿಸಿದರು. ಬಟ್ಟೆಯೊಳಗೆ ಕೂದಲಿಗಿಂತ ತೆಳುವಾದ ಲೋಹದ ಎಳೆಗಳಿವೆ. ಮಲಗಿದವರ ಭಾರ ಎಲ್ಲಿ ಬೀಳುತ್ತದೆ, ಮೈ ಎಷ್ಟು ಬಿಸಿ, ಎಲ್ಲಿ ಒದ್ದೆ, ನಾಡಿ ಹೇಗೆ ಬಡಿಯುತ್ತಿದೆ, ಎಲ್ಲವೂ ಆ ಎಳೆಗಳಿಗೆ ಗೊತ್ತಾಗುತ್ತದೆ. ಗೋಡೆಗೆ ಅಂಟಿಸಿದ ಅಂಗೈಯಗಲದ ಪೆಟ್ಟಿಗೆ ಸದ್ದು ಕೇಳಿಸಿಕೊಳ್ಳುತ್ತದೆ. ಎರಡೂ ಸೇರಿ ಗದಗಿನ ನಿಗಾ ಕೇಂದ್ರಕ್ಕೆ ಸುದ್ದಿ ಕಳಿಸುತ್ತವೆ. ಬೆನ್ನಿಗೆ ಹುಣ್ಣಾಗುವ ಮೊದಲೇ, ಜ್ವರ ಏರುವ ಮೊದಲೇ ನರ್ಸ್ ಬಾಗಿಲಿಗೆ ಬರುತ್ತಾಳೆ. ಮಲಗಿದವರಿಗೆ ಬಾಯಿಲ್ಲದಿದ್ದರೇನು, ಹಾಸಿಗೆಯೇ ಹೇಳುತ್ತದೆ. ಆ ವರ್ಷ ನಾನೂರ ಹನ್ನೆರಡು ಮನೆಗಳಿಗೆ ಹಾಸು ಬಂತು.

ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದವಳು ಚಿಗವ್ವ, ನನ್ನ ಅವ್ವನ ತಂಗಿ ಚೌಡವ್ವ. ಅವ್ವ ತೀರಿಕೊಂಡಾಗ ನನಗೆ ಮೂರು ವರ್ಷ. ಸಾಕಿದವಳು ಚಿಗವ್ವ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ, ಮಗ್ಗದಲ್ಲಿ ಕೂತಿದ್ದಂತೆಯೇ ಅವಳಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು, ಒಂದನ್ನು ಬಿಟ್ಟು. ಉಳಿದ ಆ ಒಂದು ಮಾತು "ಲಾಳಿ". ಆ ಗಳಿಗೆಯಲ್ಲಿ ಕೈಯಲ್ಲಿದ್ದದ್ದು ಅದೇ, ಅದಕ್ಕೇ ನಾಲಿಗೆಗೆ ಅಂಟಿಕೊಂಡಿತು ಎಂದು ಓಣಿಯವರು ಹೇಳುತ್ತಾರೆ. ಡಾಕ್ಟರು ಮಿದುಳಿನ ಎಡಭಾಗದ ಬಗ್ಗೆ ಏನೋ ಹೇಳಿದರು. ನೀರು ಬೇಕಾದರೂ ಲಾಳಿ, ನೋವಾದರೂ ಲಾಳಿ, ನನ್ನ ಮೇಲೆ ಸಿಟ್ಟು ಬಂದರೂ ಲಾಳಿ.

ಮರುವರ್ಷ ನಾನು ಶಾಲೆಗೆ ಹೋಗಲಿಲ್ಲ. ಹೋಗಬೇಡ ಎಂದು ಯಾರೂ ಹೇಳಲಿಲ್ಲ. ಹೋಗು ಎನ್ನಬೇಕಾದವಳಿಗೆ ಆ ಮಾತು ಬರುತ್ತಿರಲಿಲ್ಲ. ಈಗ ನನಗೆ ಇಪ್ಪತ್ತೊಂದು.

ದಿನವೂ ಸಂಜೆ ಆರಕ್ಕೆ ಗೋಡೆಯ ಪೆಟ್ಟಿಗೆ ಪುಸ್ತಕದ ಕನ್ನಡದಲ್ಲಿ ಕೇಳುತ್ತಿತ್ತು: "ಇಂದು ರೋಗಿಗಾಗಿ ನೀವು ಯಾವ ಯಾವ ಕೆಲಸ ಮಾಡಿದಿರಿ?"

ನಾನು ನೆಲ ನೋಡುತ್ತ ಹೇಳುತ್ತಿದ್ದೆ: "ಏನಿಲ್ರಿ, ಸುಮ್ನ ಇದ್ದೆ."

"ಧನ್ಯವಾದ," ಎನ್ನುತ್ತಿತ್ತು ಪೆಟ್ಟಿಗೆ.

*

ಏಳನೆಯ ತಿಂಗಳಿಗೆ ಕಾಗದ ಬಂತು. ಸರ್ಕಾರಿ ಕನ್ನಡ ನನಗೆ ಅರ್ಧ ತಿಳಿಯುತ್ತದೆ, ಅರ್ಧ ಭಯವಾಗುತ್ತದೆ. ಮಾಮಾನ ಹತ್ತಿರ ಒಯ್ದೆ.

ಹುಲಗಪ್ಪ ಮಾಮಾ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಅವನ ಹೆಂಡತಿ ಕಸ್ತೂರತ್ತಿಗೆ ಐದು ವರ್ಷದಿಂದ ನೆನಪು ಕರಗುತ್ತಿದೆ. ಮನೆಯೇ ಬಸ್ಸು ಎಂದುಕೊಂಡಿದ್ದಾಳೆ. ನಾನು ಹೋದಾಗಲೂ ಕಿಟಕಿಯ ಪಕ್ಕ ಚೀಲ ಹಿಡಿದು ಕೂತಿದ್ದಳು.

"ಕಂಡಕ್ಟರ್, ನಮ್ಮೂರು ಬಂತೇನ್ರಿ?"

"ಇನ್ನೊಂದು ಸ್ಟಾಪ್ ಐತಿ, ಕೂಡ್ರಿ ಬಾಯಾರ," ಎಂದ ಮಾಮಾ, ಕಾಗದದಿಂದ ಕಣ್ಣು ತೆಗೆಯದೆ. ಆಮೇಲೆ ಗಟ್ಟಿಯಾಗಿ ಓದಿದ: "ನೂರ ಎಂಬತ್ತಮೂರು ದಿನಗಳ ದಾಖಲೆಯನ್ನು ಪರಿಶೀಲಿಸಲಾಗಿ, ಸದರಿ ಮನೆಯಲ್ಲಿ ಆರೈಕೆ ಮಾಡುವವರು ಯಾರೂ ಇಲ್ಲವೆಂದೂ, ರೋಗಿಯು ಸ್ವತಃ ಮಗ್ಗುಲು ಬದಲಿಸಿಕೊಳ್ಳುತ್ತಿರುವರೆಂದೂ ಕಂಡುಬಂದಿದೆ. ಒಂಟಿ ರೋಗಿಗಳ ನಿಯಮದಂತೆ ಹದಿನೈದು ದಿನಗಳೊಳಗೆ ಇವರನ್ನು ಆರೈಕೆ ಭವನಕ್ಕೆ ಸ್ಥಳಾಂತರಿಸಲಾಗುವುದು."

ಆರೈಕೆ ಭವನ ನಮ್ಮಿಂದ ಮೂರು ತಾಸಿನ ದಾರಿ. ಅರವತ್ತು ಹಾಸಿಗೆಗೆ ಇಬ್ಬರು ಆಳು, ಉಳಿದದ್ದು ಹಾಸು ನೋಡಿಕೊಳ್ಳುತ್ತದೆ ಎಂದು ಕೇಳಿದ್ದೆ. ಅಲ್ಲಿ ಚಿಗವ್ವ ಲಾಳಿ ಎಂದರೆ ಯಾರು ತಿರುಗಿ ನೋಡುತ್ತಾರೆ? 

"ಚೌಡಕ್ಕ ತಾನ ಮಗ್ಗಲಾ ಹೊಳ್ಳತಾಳಂತ!" ಮಾಮಾ ಕನ್ನಡಕ ತೆಗೆದ. "ಹಂಗಾದ್ರ ದಿನಕ್ಕ ಹನ್ನೆರಡು ಸಲ ಹೊಳ್ಳಸಾಕಿ ನೀ ಯಾರು? ದೆವ್ವಾ ಏನ?"

"ಮಾಮಾ, ನನಗೂ ಬಂದೈತಿ ನೋಡು," ಎಂದು ಪಕ್ಕದ ಮನೆಯ ಜನ್ನತ್‌ಬಿ ಚಾಚಿ ಇನ್ನೊಂದು ಕಾಗದ ಹಿಡಿದು ಬಂದಳು. ಅವಳ ಮಗಳು ಶಬಾನಾ ಹುಟ್ಟಿದಾಗಿನಿಂದ ನಡೆದವಳಲ್ಲ. ಮಾಮಾ ತನ್ನ ಬಾಗಿಲ ಸಂದಿಯಿಂದ ಮೂರನೆಯ ಕಾಗದ ತೆಗೆದು ಕಟ್ಟೆಯ ಮೇಲಿಟ್ಟ. ಅವನಿಗೂ ಬಂದಿತ್ತು. ಎರಡು ದಿನದಿಂದ ಯಾರಿಗೂ ಹೇಳಿರಲಿಲ್ಲ.

"ಸಂಜಿ ಆರಕ್ಕ ಪೆಟ್ಟಿಗಿ ಕೇಳಿದ್ರ ನೀ ಏನಂತಿದ್ದಿ ಮಾಮಾ?" ಎಂದು ಕೇಳಿದೆ.

"ಖಾಲಿ ಕೂತೇನ್ರಿ ಅಂತಿದ್ದೆ." ಅವನ ಮುಖ ಸಣ್ಣಗಾಯಿತು. "ಮತ್ತೇನಂತಾರ ಮನಶ್ಯಾರು?"

*

ಮರುದಿನ ಜನ್ನತ್‌ಬಿ ಚಾಚಿ ಶಬಾನಾಳ ಗಾಲಿಕುರ್ಚಿಯನ್ನು ನಮ್ಮ ಮನೆಗೆ ನೂಕಿಕೊಂಡು ಬಂದಳು. ಕಸ್ತೂರತ್ತಿಯನ್ನು ಕಿಟಕಿಯ ಪಕ್ಕದ ಸೀಟಿನಲ್ಲಿ ಕೂರಿಸಿದೆವು. ಮೂವರನ್ನೂ ಚಾಚಿಗೆ ಒಪ್ಪಿಸಿ ನಾನೂ ಮಾಮಾನೂ ಗದಗಿಗೆ ಹೋದೆವು.

ನಿಗಾ ಕೇಂದ್ರ ಹಳೆಯ ಅರಳೆ ಗೋದಾಮಿನ ಮೇಲಿನ ಮಹಡಿಯಲ್ಲಿತ್ತು. ಒಳಗೆ ತಣ್ಣಗಿತ್ತು. ಒಂದು ಇಡೀ ಗೋಡೆಯ ತುಂಬ ಸಣ್ಣ ಸಣ್ಣ ಚೌಕಗಳು ಬೆಳಗುತ್ತಿದ್ದವು. ಒಂದು ಚೌಕ ಒಂದು ಮನೆ. ಹಸಿರು ಇದ್ದರೆ ಚೆನ್ನಾಗಿದ್ದಾರೆ, ಹಳದಿಯಾದರೆ ನೋಡಬೇಕು, ಕೆಂಪಾದರೆ ಗಾಡಿ ಹೊರಡಬೇಕು. ನಮ್ಮ ಮನೆಯ ಅಂಕಿಯನ್ನು ಹುಡುಕಿದೆ. ಹಸಿರಾಗಿತ್ತು. ನಮ್ಮ ಓಣಿಯ ಚೌಕಗಳೆಲ್ಲ ಹಸಿರಾಗಿದ್ದವು.

ಅಧಿಕಾರಿ ವನಮಾಲಾ ಮೇಡಂ ಮೈಸೂರು ಕಡೆಯವರು. ಕೆಟ್ಟವರಲ್ಲ. ಕೂರಿಸಿದರು, ನೀರು ಕೊಟ್ಟರು.

"ನೋಡಿಮ್ಮಾ, ನಾವು ಯಾರ್ ಮೇಲೂ ಸುಮ್ಸುಮ್ನೆ ಆರ್ಡರ್ ಹಾಕಲ್ಲ. ನೀವೇ ಹೇಳಿದ್ದೀರಲ್ಲಾ." ಒಂದು ಗುಂಡಿ ಒತ್ತಿದರು.

ನನ್ನದೇ ದನಿ. "ಏನಿಲ್ರಿ, ಸುಮ್ನ ಇದ್ದೆ." ಮತ್ತೆ. "ಏನಿಲ್ರಿ, ಸುಮ್ನ ಇದ್ದೆ." ಒಂದರ ಹಿಂದೆ ಒಂದು. ಒಂದರಲ್ಲಿ ನನಗೆ ನೆಗಡಿಯಾಗಿತ್ತು. ಒಂದರಲ್ಲಿ ಏದುಸಿರು, ಆಗಷ್ಟೇ ಅವಳನ್ನು ಎತ್ತಿ ಕೂರಿಸಿದ್ದೆ. ಒಂದರಲ್ಲಿ ಗಂಟಲು ಕಟ್ಟಿತ್ತು. ಅದು ಅವಳು ಮೂರು ದಿನ ಊಟ ನುಂಗದೆ ಇದ್ದಾಗಿನದು. ಮಾತು ಒಂದೇ, ಸುಮ್ನ. ಒಂದೊಂದೂ ಬೇರೆ ಎಂದು ನನಗೆ ಮಾತ್ರ ಗೊತ್ತಾಗುತ್ತಿತ್ತು.

"ಸಾಕ್ರಿ ಮೇಡಂ," ಎಂದ ಮಾಮಾ.

"ನಿಮ್ಮದೂ ಇದೆ. ಖಾಲಿ ಕೂತೇನಿ ಅಂತ."

"ಅದಕ್ಕ ಸಾಕ್ರಿ ಅಂದೆ."

ಅಷ್ಟರಲ್ಲಿ ನಮ್ಮ ಚೌಕ ಹಳದಿಯಾಯಿತು. ಕೆಳಗೆ ಅಕ್ಷರ ಮೂಡಿತು: ಗೊಂದಲ. ಮೂಲೆಯ ಮೇಜಿನಲ್ಲಿ ಚಹಾ ಕುಡಿಯುತ್ತಿದ್ದ ಒಬ್ಬರು ಸ್ಪೀಕರ್ ಜೋರು ಮಾಡಿದರು. "ಲಾ...ಳಿ. ಲಾ...ಳಿ."

"ಇವರು ದಿನಾ ಹಿಂಗ," ಎಂದರು ಅವರು. "ಅರ್ಥ ಇಲ್ಲದ ಮಾತು. ಮಿದುಳಿನ ಪೆಟ್ಟು."

ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. "ಅರ್ಥ ಐತ್ರಿ. ಎಡಗಡಿ ಸೊಂಟದ ಬುಡಕ ಅರಿವಿ ಮಡಚಿ ಒತ್ತಾಕ್ಹತ್ತೈತಿ. ನೋವಿನ ಲಾಳಿ ಅಲ್ಲ ಅದು. ನೋವಿಂದಾದ್ರ ಕಡೀಗೆ ದನಿ ಏರತೈತಿ. ಇದು ಇಳೀತು."

ಅವರು ನನ್ನನ್ನೇ ನೋಡಿದರು. ಮಾಮಾ ಆಗಲೇ ಫೋನ್ ಹಚ್ಚಿದ್ದ. ಚಾಚಿಯ ದನಿ ಎಲ್ಲರಿಗೂ ಕೇಳಿಸಿತು: "ಹಾಂ ಬೇಟಿ, ಮಡಚಿತ್ತು ನೋಡು ಚಾದರ್. ಸರಿ ಮಾಡ್ದೆ."

ಹಳದಿ ಹಸಿರಾಯಿತು.

ಅವರ ಹೆಸರು ಉಪಾಧ್ಯೆ. ಹಾಸಿನ ಲೆಕ್ಕಾಚಾರ ಬರೆದ ಎಂಜಿನಿಯರ್, ಬೆಳಗಾವಿ ಕಡೆಯವರು. ಚಹಾದ ಕಪ್ಪನ್ನು ಹಾಗೇ ಹಿಡಿದು, "ಅಂಥಾ ಲಾಳಿ ಎಷ್ಟದಾವ್ರಿ?" ಎಂದು ಕೇಳಿದರು.

"ಎಂಟ್ರಿ."

ಅವರು ತಮ್ಮ ಪರದೆಯಲ್ಲಿ ನಮ್ಮ ಮನೆಯ ಚಿತ್ರ ತೆರೆದರು. ಹಾಸಿನ ಮೇಲೆ ಚಿಗವ್ವ ಒಂದು ಬೆಚ್ಚನೆಯ ಕಲೆಯ ಹಾಗೆ ಕಾಣುತ್ತಿದ್ದಳು. ಹಿಂದಿನ ದಿನದ್ದನ್ನು ಓಡಿಸಿದರು. ಕಲೆ ತಾನಾಗಿ ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು. ಒಂದು ಕಡೆ ಇಡೀ ಕಲೆ ಗಾಳಿಯಲ್ಲಿ ಎದ್ದು ಮತ್ತೆ ಕೂತಿತು.

"ಲಕ್ವಾ ಹೊಡದಾಕಿ ಹಾರ್‍ಯಾಡಾಕ್ಹತ್ಯಾಳಲ್ರಿ," ಎಂದ ಮಾಮಾ.

ಉಪಾಧ್ಯೆ ನಗಲಿಲ್ಲ. "ಒಂದು ಹಾಸಿನ ಮ್ಯಾಲೆ ಒಬ್ಬರ ಇರತಾರ ಅಂತ ನಾನ ಬರದೀನಿ. ಎರಡನೇ ಭಾರ ಬಿತ್ತಂದ್ರ ಅದನ್ನ ಕಸ ಅಂತ ತಗದು ಹಾಕತೈತಿ. ಹುಡುಗ್ರು ಹತ್ತಿ ಕೂತಿರಬಹುದು, ಬೆಕ್ಕು ಬಂದು ಮಲಗಿರಬಹುದು ಅಂತ..."

"ಅಂದ್ರ ಏಳು ತಿಂಗಳು ಈ ಹುಡುಗಿನ್ನ ಬೆಕ್ಕು ಮಾಡೀರಿ."

ಮೇಡಂ ನಿಧಾನವಾಗಿ ಹೇಳಿದರು: "ಲೆಕ್ಕ ತಪ್ಪಿದ್ರೆ ಅವರು ತಿದ್ದಬಹುದು. ಆದ್ರೆ ನಿಮ್ಮ ಹೇಳಿಕೆ ಇದೆಯಲ್ಲ, ಅದನ್ನ ನಾನು ತಿದ್ದೋಕಾಗಲ್ಲ. ಹನ್ನೆರಡನೇ ದಿನ ಅಹವಾಲು ಸಭೆ ಇದೆ. ನೀವೇ ಬಂದು ಮೈಕಿನಲ್ಲಿ ಹೇಳ್ಬೇಕು. ಏನೇನು ಮಾಡ್ತೀರಿ, ಎಲ್ಲಾ. ನಿಮ್ಮ ಬಾಯಿಂದ ಹೋದದ್ದು ನಿಮ್ಮ ಬಾಯಿಂದಲೇ ವಾಪಸ್ ಬರ್ಬೇಕು."

ಮೈಕು ಎಂದ ಕೂಡಲೇ ನಾನು ಮಾಮಾನ ಬೆನ್ನ ಹಿಂದೆ ಸರಿದೆ.

*

ನೇಕಾರರ ಸಂಘದ ಪಡಸಾಲೆಯಲ್ಲಿ ಮಾಮಾ ಸಭೆ ಕರೆದ. ಕಾಗದ ಬಂದ ಮನೆಗಳಿಂದ ಮೂವತ್ತು ಜನ ಬಂದರು. ಹೆಚ್ಚಿನವರು ಹೆಂಗಸರು, ಅರ್ಧ ಗಂಟೆಗೆಂದು ಬಂದವರು, ಕಣ್ಣೆಲ್ಲ ಬಾಗಿಲ ಮೇಲೆ.

"ಎಲ್ಲಾರೂ ಒಬ್ಬೊಬ್ಬರ ಎದ್ದು ನಿಂತು, ದಿನಾ ಏನ ಮಾಡತೀವಿ ಅಂತ ಹೇಳೂದು. ರೈಟ್?" ಎಂದ ಮಾಮಾ.

ಯಾರೂ ರೈಟ್ ಎನ್ನಲಿಲ್ಲ.

ಹಿಂದಿನಿಂದ ಒಬ್ಬ ಸೊಸೆ ಸೆರಗು ಎಳೆದುಕೊಂಡು ಎದ್ದಳು. "ನಮ್ಮತ್ತಿ ನಲವತ್ತು ವರ್ಷ ಸೂಲಗಿತ್ತಿ ಆಗಿದ್ದಾಕಿ. ಈ ಓಣ್ಯಾಗ ಅರ್ಧ ಮಂದಿನ್ನ ಹಿಡದಾಕಿ ಆಕಿ. ಆಕಿನ್ನ ನಾ ದಿನಾ ತೊಳೀತೀನಿ, ಅರಿವಿ ಬದಲಸ್ತೀನಿ ಅಂತ ಮೈಕಿನ್ಯಾಗ ಒದರ್ಲೇನ್ರಿ? ನಾಳಿ ಆಕಿ ಕಿವಿಗೆ ಬಿದ್ದರ ಅನ್ನಾ ಬಿಡತಾಳ."

"ಶಬಾನಾಗ ಈಗ ಮೂವತ್ತು," ಎಂದಳು ಚಾಚಿ. "ಹೆಣ್ಣಮಗಳು. ಆಕಿ ಮುಟ್ಟಿನ ದಿನದ ಮಾತು ಗಂಡಸರ ಮುಂದ ಆಡಲಾ?"

ಮಾಮಾ ಕನ್ನಡಕ ತೆಗೆದು ಒರೆಸಿದ. "ನನ್ನ ಹೇಣ್ತಿ ನನ್ನ ಗುರುತು ಹಿಡಿಯಾಂಗಿಲ್ಲ. ನಾ ಬರೇ ಕಂಡಕ್ಟರ್ ಆಕಿಗೆ. ಇದನ್ನೂ ಹೇಳಬೇಕಾ ಅಲ್ಲಿ?" ಎಂದು ತನ್ನಷ್ಟಕ್ಕೆ ಎಂಬಂತೆ ಕೇಳಿದ.

ಸಭೆ ಮುರಿಯಿತು. ನಾನು ಕಂಬದ ಹಿಂದೆಯೇ ಕೂತಿದ್ದೆ. ಇಷ್ಟು ದಿನ ನಾನು ಒಬ್ಬಳೇ ದಡ್ಡಿ, ಹೇಳಲು ಬಾರದೆ ಸುಮ್ನ ಎಂದೆ ಎಂದುಕೊಂಡಿದ್ದೆ. ಹಾಗಲ್ಲ. ಎಲ್ಲರೂ ಬೇಕೆಂದೇ ಹೇಳಿದ್ದರು. ಮಲಗಿದವರ ಮಾನ ಮುಚ್ಚಲು ನಮ್ಮ ಹತ್ತಿರ ಇದ್ದ ಬಟ್ಟೆ ಆ ಒಂದು ಮಾತು.

ಉಪಾಧ್ಯೆ ನಮ್ಮ ಓಣಿಯ ಮಟ್ಟಿಗೆ ಕಸ ತೆಗೆಯುವ ಲೆಕ್ಕವನ್ನು ಬಂದ್ ಮಾಡಿದರು. ಎಂಟು ಲಾಳಿ ಕಲಿಯುವುದಕ್ಕೆಂದು ಮನೆಗೂ ಬಂದರು. ನಮ್ಮದು ಒಂದೇ ಕೋಣೆ. ಒಂದು ಕಡೆ ಚಿಗವ್ವನ ಹಾಸಿಗೆ, ಇನ್ನೊಂದು ಕಡೆ ನೆಲದ ಕುಣಿಯಲ್ಲಿ ಅವಳ ಮಗ್ಗ. ಎಂಟು ವರ್ಷದಿಂದ ಖಾಲಿ ನಿಂತಿದ್ದರೂ ದಿನವೂ ಒರೆಸುತ್ತೇನೆ.

ಅವರು ಕಾಲಿಟ್ಟ ಕೂಡಲೇ ಚಿಗವ್ವ ಗುಡುಗಿದಳು: "ಲಾಳಿ!"

"ಇದು ಯಾವುದ್ರಿ?" ಎಂದು ಅವರು ಉತ್ಸಾಹದಿಂದ ಬರೆದುಕೊಳ್ಳಲು ಹೊರಟರು.

"ಬೈಗುಳ್ರಿ. ಎಂಟನೇದು."

"ಯಾರಿಗೆ?"

"ನಿಮಗರೀ. ಚಪ್ಪಲಿ ಹಾಕ್ಕೊಂಡು ಮಗ್ಗದ ಹತ್ರ ಬಂದೀರಿ."

ಅವರು ಹೊರಗೋಡಿ ಚಪ್ಪಲಿ ಬಿಟ್ಟು ಬಂದು ಚಿಗವ್ವನಿಗೆ ಕೈ ಮುಗಿದರು. ಅವಳು ಒಂದು ಬಗೆಯಲ್ಲಿ ಲಾಳಿ ಎಂದಳು. ಚಹಾ ಮಾಡು ಎಂದು, ಅದು ಮೂರನೆಯದು.

ಸಭೆಯ ಹಿಂದಿನ ದಿನ ಬೆಳಿಗ್ಗೆ ಅವರು ಮತ್ತೆ ಬಂದರು. ಈ ಸಲ ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟಿದ್ದರು. ಕಟ್ಟೆಯ ಮೇಲೆ ಕೂತು, "ಶಾಕಾಂಬರಿ ಅವರ, ಯಂತ್ರ ಒಂಬತ್ತು ಅಂತೈತಿ," ಎಂದರು. ನನ್ನ ಪೂರ್ತಿ ಹೆಸರು ಹಿಡಿದು ಕರೆದವರು ಶಾಲೆಯ ಮಾಸ್ತರರು ಬಿಟ್ಟರೆ ಅವರೊಬ್ಬರೇ.

"ಎಂಟ ಅದಾವ್ರಿ. ನನಗ ಗೊತ್ತಿಲ್ಲದ್ದು ಹ್ಯಾಂಗ ಬರತೈತಿ?"

"ಮಧ್ಯಾಹ್ನ ಎರಡೂವರಿಯಿಂದ ಮೂರರ ಒಳಗ ಬರತೈತಿ. ಆವಾಗ ನೀವು ಏನ್ ಮಾಡತಿರತೀರಿ?"

"ಏನಿಲ್ರಿ, ಸುಮ್ನ..." ಎಂದು ನಾಲಿಗೆ ಕಚ್ಚಿಕೊಂಡೆ.

"ನಿದ್ದಿ ಮಾಡತೀರಿ. ನೆಲದ ಮ್ಯಾಲೆ ಕೂತು, ಹಾಸಿನ ಎಡ ಅಂಚಿಗೆ ತಲಿ ಇಟ್ಟು. ಇಷ್ಟು ದಿನ ಆ ಭಾರಾನೂ ಕಸದಾಗ ಹೋಗತಿತ್ತು. ಈಗ ಕಾಣಸಾಕ್ಹತ್ತೈತಿ. ನೀವು ತಲಿ ಇಟ್ಟು ಸ್ವಲ್ಪ ಹೊತ್ತಿಗೆ ಅವರ ಎಡಗೈ ಭಾರ ಅಲ್ಲಿಗೆ ಸರೀತೈತಿ. ನಾಡಿ ನಿಧಾನ ಆಗತೈತಿ. ಆಮ್ಯಾಲೆ ಇದು." ಅವರು ಕೈಯಲ್ಲಿದ್ದ ಸಣ್ಣ ಯಂತ್ರವನ್ನು ನನ್ನ ಕಿವಿಯ ಹತ್ತಿರ ಹಿಡಿದರು.

ಚಿಗವ್ವನ ದನಿ. ಎಂಟು ವರ್ಷದಲ್ಲಿ ನಾನು ಕೇಳದ ದನಿ. ಮೆಲ್ಲಗೆ, ಎಳೆದು, ಒಂದೇ ತೂಕದಲ್ಲಿ ಅತ್ತಿಂದಿತ್ತ ತೂಗುತ್ತಿತ್ತು.

"ಉಳಿದ ಎಂಟರಾಗೂ ನಾಲಿಗಿ ಹಿಂದಕ್ಕ ಮಡಚತೈತಿ," ಎಂದರು ಉಪಾಧ್ಯೆ. "ಇದರಾಗ ಇಲ್ಲ. ನಾಲಿಗಿ ಹಲ್ಲಿನ ಹಿಂದ ಬರೇ ಮುಟ್ಟಿ ಬಿಡತೈತಿ. ಯಂತ್ರಕ್ಕ ಬ್ಯಾರೆ ಶಬ್ದ ಅನಿಸೇತಿ. ನನಗೂ ಮೊದಲ ತಿಳೀಲಿಲ್ಲ. ಇದು ಳ ಅಲ್ಲ, ಲ."

ಲಾಲಿ.

ಅವಳಿಗೆ ಒಂದೇ ಮಾತು ಉಳಿದಿದೆ ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೆ. ಇನ್ನೊಂದು ಇತ್ತು. ನಾನು ಎಚ್ಚರ ಇರುವಾಗ ಅವಳು ಅದನ್ನು ಆಡುತ್ತಿರಲಿಲ್ಲ.

ಯಂತ್ರವನ್ನು ಅವರ ಕಡೆಗೇ ಸರಿಸಿ ಇಷ್ಟು ಹೇಳಿದೆ: "ಇದನ್ನ ನಾಳಿ ಅಲ್ಲಿ ಕೇಳಸಬ್ಯಾಡ್ರಿ."

"ಇಲ್ಲ," ಎಂದರು ಅವರು.

*

ಅಹವಾಲು ಸಭೆಗೆ ಕೇಂದ್ರದ ಕೆಳಗಿನ ಮಹಡಿಯಲ್ಲಿ ಕುರ್ಚಿ ಹಾಕಿದ್ದರು. ಬೇರೆ ಊರುಗಳಿಂದಲೂ ಜನ ಬಂದಿದ್ದರು. ವೇದಿಕೆಯ ಮೇಲೆ ವನಮಾಲಾ ಮೇಡಂ ಮತ್ತು ರಾಜಧಾನಿಯಿಂದ ಬಂದ ಇಬ್ಬರು. ಹೆಸರು ಕರೆದಾಗಲೆಲ್ಲ ಒಬ್ಬರು ಮೈಕಿನ ಹತ್ತಿರ ಹೋಗಿ, "ನೋಡಿಕೋತೀವ್ರಿ ನಾವ" ಎಂದಷ್ಟೇ ಹೇಳಿ ತಲೆ ತಗ್ಗಿಸಿ ಬರುತ್ತಿದ್ದರು. "ಏನು ನೋಡ್ಕೋತೀರಿ, ಬಿಡಿಸಿ ಹೇಳಿ," ಎಂದರೆ ಸುಮ್ಮನಾಗುತ್ತಿದ್ದರು. ರಾಜಧಾನಿಯವರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು.

ಮಾಮಾನ ಹೆಸರು ಬಂತು. ಅವನು ಎದ್ದು, ನನ್ನ ಕಡೆ ತಿರುಗಿ, "ನನ್ನ ಸೀಟ ಈಕಿಗೆ ಬಿಟ್ಟೀನ್ರಿ," ಎಂದು ಕೂತುಬಿಟ್ಟ.

ಎಲ್ಲರೂ ನನ್ನನ್ನು ನೋಡಿದರು. ಮೈಕಿನವರೆಗೆ ಹದಿನೇಳು ಹೆಜ್ಜೆ. ನನ್ನ ಕಣ್ಣು ನೆಲದ ಮೇಲೆಯೇ ಇತ್ತು, ಅದಕ್ಕೇ ಗೊತ್ತು.

"ನನ್ನ ಹೆಸರು ಶಾಕಾಂಬರಿ. ಎಂಟನೇತ್ತೆ ಮಟಾ ಕಲ್ತೀನಿ." ಮೈಕು ಕಿರುಚಿತು. ಯಾರೋ ಬಂದು ಸರಿ ಮಾಡಿದರು. ಅಷ್ಟರಲ್ಲಿ ಮುಂದಿನ ಮಾತು ಮರೆತುಹೋಯಿತು. ಕಣ್ಣು ಮುಚ್ಚಿದೆ. ಹಾಸಿಗೆಯ ಅಂಚು, ನನ್ನ ತಲೆಯ ಮೇಲೆ ಒಂದು ಕೈ. ತೆರೆದೆ.

"ನಾ ನೂರ ಎಂಬತ್ತಮೂರು ಸಲ ಸುಮ್ನ ಇದ್ದೆ ಅಂದೀನ್ರಿ. ಸುಳ್ಳು ಹೇಳಿಲ್ಲ. ಮನ್ಯಾಗ ಒಬ್ಬರು ಮಲಗಿದ್ರ ಅವರ ಮೈಮ್ಯಾಲೆ ಒಂದು ಅರಿವಿ ಹೊಚ್ಚತೀವಿ. ಅವರ ಸುದ್ದಿ ಮ್ಯಾಲೂ ಒಂದು ಹೊಚ್ಚತೀವಿ. ಸುಮ್ನ ಅಂದ್ರ ಅದ. ನೀವು ಆ ಅರಿವಿ ಎಳದು ಎಲ್ಲಾರಿಗೂ ತೋರಸ್ರಿ ಅಂತೀರಿ. ತೋರಸಾಂಗಿಲ್ರಿ. ಇವತ್ತೂ ತೋರಸಾಂಗಿಲ್ಲ, ನಾಳೆನೂ ತೋರಸಾಂಗಿಲ್ಲ."

ರಾಜಧಾನಿಯವರು ಗಡಿಯಾರದಿಂದ ಕಣ್ಣೆತ್ತಿದರು.

"ನಮ್ಮನ್ನ ಕೇಳಬ್ಯಾಡ್ರಿ. ನಿಮ್ಮ ಹಾಸಿನ ಎಳಿಗೆ ಮೊದಲ ಗೊತ್ತೈತಿ. ಎರಡನೇ ಭಾರ ಅಂತ ತಗದು ಒಗದೀರಲ್ಲ, ಅದು ನಾವು. ನಮ್ಮ ಮೊಣಕಾಲು ಅದು, ನಮ್ಮ ಕೈ ಅದು. ಅದನ್ನ ಒಳಗ ತಗೋರಿ. ನಮ್ಮವರ ಹೆಸರಿನ ಬಾಜೂಕ ನಮ್ಮ ಹೆಸರೂ ಬರೀರಿ. ನಮಗ ಜ್ವರ ಬಂದ್ರ ಯಾರು ಬರತಾರ ಅಂತ ಬರದು ಕೊಡ್ರಿ. ವಾರಕ್ಕ ಅರ್ಧ ದಿನ ಒಂದು ಬದಲಿ ಕೈ ಕಳಸ್ರಿ. ಮತ್ತ ನಮ್ಮನ್ನ ಕೇಳದ ನಮ್ಮವರನ್ನ ಎಬ್ಬಿಸಿಕೊಂಡು ಹೋಗಬ್ಯಾಡ್ರಿ. ಇಷ್ಟ."

ಉಪಾಧ್ಯೆ ಎದ್ದು ಗೋಡೆಯ ಮೇಲೆ ದೊಡ್ಡ ಚಿತ್ರ ಹಾಕಿದರು. ನಾನೂರ ಹನ್ನೆರಡು ಹಾಸು, ಒಂದೊಂದರ ಮೇಲೆ ಒಂದೊಂದು ಬೆಚ್ಚನೆಯ ಕಲೆ. "ಇದು ಕಸ ತಗದಿದ್ದು," ಎಂದರು. ಆಮೇಲೆ ಒಂದು ಗುಂಡಿ ಒತ್ತಿ, "ಇದು ಕಸ ಇದ್ದದ್ದು," ಎಂದರು.

ಒಂದೊಂದಾಗಿ ಕಲೆಗಳ ಪಕ್ಕ ಇನ್ನೊಂದು ಕಲೆ ಮೂಡಿತು. ಅಂಚಿನಲ್ಲಿ ಊರಿದ ಮೊಣಕಾಲು. ಬೆನ್ನ ಕೆಳಗೆ ತೂರಿದ ಎರಡು ತೋಳು. ಪಕ್ಕದಲ್ಲಿ ಮೈ ಮುದುಡಿ ಮಲಗಿದ ಯಾರೋ ಒಬ್ಬರು. ಮುಖವಿಲ್ಲ, ಹೆಸರಿಲ್ಲ, ಏನು ಮಾಡುತ್ತಿದ್ದಾರೆ ಎಂದು ಬಿಡಿಸಿ ಹೇಳುವುದೂ ಇಲ್ಲ, ಭಾರ ಮಾತ್ರ. ಸೂಲಗಿತ್ತಿಯ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮುನ್ನೂರ ತೊಂಬತ್ತೇಳು ಮನ್ಯಾಗ ಎರಡನೇ ಭಾರ ಐತಿ," ಎಂದರು ಉಪಾಧ್ಯೆ. "ಹದಿನೈದರಾಗ ಇಲ್ಲ. ಖರೇ ಒಂಟಿ ಇರೋರು ಆ ಹದಿನೈದು ಮಂದಿ. ನಾವು ಅಲ್ಲಿಗೆ ಹೋಗೋದು ಬಿಟ್ಟು ಇವರ ಬಾಗಲಾ ಬಡೀತಿದ್ದಿವಿ. ತಪ್ಪು ನಂದು."

ವೇದಿಕೆಯ ಮೇಲೆ ತಲೆಗಳು ಕೂಡಿದವು. ಬಹಳ ಹೊತ್ತು ಪಿಸುಮಾತು ನಡೆಯಿತು. ಕೊನೆಗೆ ವನಮಾಲಾ ಮೇಡಂ ಓದಿ ಹೇಳಿದರು. ಆ ಎಲ್ಲ ಮನೆಗಳ ಸ್ಥಳಾಂತರದ ಆದೇಶ ರದ್ದು. ಇನ್ನು ಮುಂದೆ ರೋಗಿಯ ಹೆಸರಿನ ಪಕ್ಕ ನೋಡಿಕೊಳ್ಳುವವರ ಹೆಸರು. ಅವರ ಒಪ್ಪಿಗೆಯಿಲ್ಲದೆ ಯಾರನ್ನೂ ಕದಲಿಸುವಂತಿಲ್ಲ. ಬದಲಿ ಕೈ ಮೊದಲು ನಮ್ಮ ಓಣಿಗೆ, ಆರು ತಿಂಗಳು ನೋಡಿ ಉಳಿದ ಕಡೆಗೆ. ಜ್ವರದ ವಿಷಯ ರಾಜಧಾನಿಗೆ ಬರೆಯಬೇಕಂತೆ. ಕೇಳಿದ್ದೆಲ್ಲ ಸಿಗಲಿಲ್ಲ. ಆದರೆ ಚಿಗವ್ವ ಎಲ್ಲಿಗೂ ಹೋಗುವುದಿಲ್ಲ.

ನಾನು ತಿರುಗಿ ಹೊರಟಾಗ ಮೇಡಂ ಕೈಲಿದ್ದ ಹಾಳೆ ನೋಡುತ್ತ ಕರೆದರು. "ಒಂದ್ನಿಮಿಷಮ್ಮಾ. ನೀವು ಎಂಟು ಲಾಳಿ ಅಂದಿದ್ರಿ. ಇಲ್ಲಿ ಒಂಬತ್ತು ಅಂತಿದೆ. ಒಂಬತ್ತನೇದರ ಅರ್ಥ ಖಾಲಿ ಇದೆ. ಏನದು?"

ಉಪಾಧ್ಯೆ ತಲೆ ತಗ್ಗಿಸಿದರು. ನಾನು ಮೈಕಿನ ಕಡೆ ಬಾಗಿದೆ.

"ಅದು ಸುಮ್ನ ರೀ."

ಮೇಡಂ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಖಾಲಿ ಜಾಗದಲ್ಲಿ ಅದನ್ನೇ ಬರೆದುಕೊಂಡರು. ಈ ಸಲ ಬಿಡಿಸಿ ಹೇಳಿ ಎನ್ನಲಿಲ್ಲ.

*

ಬದಲಿ ಕೈ ಗುರುವಾರ ಬರುತ್ತಾಳೆ. ಹೆಸರು ರತ್ನವ್ವ, ಹೊಸದಾಗಿ ಕಲಿತವಳು. ಮೊದಲ ಗುರುವಾರ ಅರ್ಧ ದಿನ ಎಲ್ಲಿಗೆ ಹೋಗಬೇಕು ಎಂದೇ ನನಗೆ ತಿಳಿಯಲಿಲ್ಲ. ಬಾಗಿಲವರೆಗೆ ಹೋಗಿ ಮೂರು ಸಲ ವಾಪಸ್ ಬಂದೆ. ಎದುರು ಕಟ್ಟೆಯಿಂದ ಮಾಮಾ, "ಹತ್ತತೀಯೋ ಇಳೀತೀಯೋ, ಬಾಗಲದಾಗ ನಿಂದರಬ್ಯಾಡ," ಎಂದು ಕೂಗಿದ.

ಎರಡನೆಯ ಗುರುವಾರಕ್ಕೆ ಸಂಘದಿಂದ ಒಂದು ಗಿಡ್ಡ ಹಾಸು ತಂದು ಮಗ್ಗಕ್ಕೆ ಕಟ್ಟಿಸಿದೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೆ. ಚಿಕ್ಕವಳಿದ್ದಾಗ ನೋಡಿದ್ದು ಅಷ್ಟೇ ನೆನಪು. ಲಾಳಿ ತಳ್ಳಿದೆ, ಅರ್ಧಕ್ಕೆ ಹೋಗಿ ಎಳೆಗಳ ನಡುವೆ ಸಿಕ್ಕಿಬಿತ್ತು. ಮತ್ತೆ ತಳ್ಳಿದೆ. ಕೆಳಗೆ ಬಿದ್ದು ಉರುಳಿತು.

"ಲಾಳಿ!" ಎಂದಳು ಚಿಗವ್ವ ಹಾಸಿಗೆಯಿಂದ.

ರತ್ನವ್ವ ಗಾಬರಿಯಾಗಿ ನಾನು ಕಲಿಸಿದ್ದನ್ನು ಬೆರಳಲ್ಲಿ ಎಣಿಸತೊಡಗಿದಳು. "ಅಕ್ಕಾರ, ಇದು ಯಾವುದ್ರಿ? ನೀರೋ, ಮಗ್ಗಲೋ? ಏನ ಬೇಕಂತ ಅವರಿಗೆ?"

ನಾನು ತಿರುಗಿ ನೋಡಿದೆ. ಚಿಗವ್ವ ದಿಂಬಿನಿಂದ ಕತ್ತೆತ್ತಿದ್ದಳು. ಎಡಗೈ ಗಾಳಿಯಲ್ಲಿ ಹೀಗೆ ಹೊರಳಿ ತೋರಿಸುತ್ತಿತ್ತು: ತಳ್ಳಬೇಡ, ಮಣಿಕಟ್ಟಿನಿಂದ ಚಿಮ್ಮು.

ಎಂಟು ವರ್ಷದಲ್ಲಿ ಮೊದಲ ಸಲ ಅದಕ್ಕೆ ಬೇರೆ ಅರ್ಥ ಇರಲಿಲ್ಲ.

"ಲಾಳಿ," ಎಂದೆ ರತ್ನವ್ವನಿಗೆ. "ಲಾಳಿ ನೆಟ್ಟಗ ಹಾಕು ಅಂತಾಳ."

ನೆಲದಿಂದ ಅದನ್ನು ಎತ್ತಿಕೊಂಡು, ಮಣಿಕಟ್ಟು ಸಡಿಲ ಬಿಟ್ಟು, ಚಿಮ್ಮಿದೆ. ಆಚೆ ದಡಕ್ಕೆ ಹೋಗಿ ಮುಟ್ಟಿತು.